ಬರಿಗೈ ನಮಸ್ಕಾರ

ಈಚೆಗೆ ರಕ್ತಪರೀಕ್ಷೆಗೆ ಹೋಗಿದ್ದೆ. ಸೂಜಿ ಚುಚ್ಚುವ ಮೊದಲು ನರ್ಸ್ ನನ್ನ ತೋಳನ್ನು ಒದ್ದೆ ಹತ್ತಿಯಿಂದ ಒರೆಸಿದಳು. ಆಲ್ಕೊಹಾಲಿನ ಆ ತಣ್ಣನೆಯ, ಮೂಗನ್ನು ಚುರುಕ್ಕೆನ್ನಿಸುವ ವಾಸನೆ... ಅದರಿಂದಲೇ ಅಕ್ಕ ನೆನಪಾದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ. ಅಕ್ಕ ತೀರಿಕೊಂಡ ಸುದ್ದಿ ಅದಕ್ಕೆ ಮೊದಲೇ ಬಂದಿತ್ತು. ಅಂದಿನಿಂದ ಎಲ್ಲಿ ಹೋದರೂ ಅವರನ್ನು ನೆನಪಿಸುವ ಏನನ್ನಾದರೂ ಹುಡುಕುತ್ತಿದ್ದೆ. ಆ ಹತ್ತಿಯಲ್ಲಿ ಸಿಕ್ಕಿತು, ಅಷ್ಟೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ, ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ನಾನು ಹೊಸ ಎಂಜಿನಿಯರ್ ಆಗಿ ಸೇರಿದಾಗ ಅಲ್ಲಿ ಹಿರಿಯ ಎಂಜಿನಿಯರ್ ಆಗಿದ್ದವರು. ಗದಗಿನ ಕಡೆಯವರು. ನಾನು ಮೈಸೂರಿನವನು ಎಂದು ತಿಳಿದ ಕೂಡಲೇ ನಕ್ಕರು.

"ಮೈಸೂರಾ? ಹಂಗಾರ ಭಾಳ ಮೆತ್ತಗ ಮಾತಾಡ್ತಿ ಬಿಡು. ಇಲ್ಲಿ ಪಂಪಿನ ಸಪ್ಪಳದಾಗ ನಿನ್ನ ಮಾತು ಯಾರಿಗೂ ಕೇಳಂಗಿಲ್ಲ, ತಮ್ಮಾ."

ತಮ್ಮ ಎಂದಾದ ಮೇಲೆ ಅವರು ಅಕ್ಕನಾಗದೆ ವಿಧಿಯಿರಲಿಲ್ಲ.

ನಾವು ಮಾಡುತ್ತಿದ್ದುದು ಲೇಪ ಹಾಕುವ ಯಂತ್ರಗಳನ್ನು. ಮನುಷ್ಯ ಬಗ್ಗಿ ಒಳಗೆ ಹೋಗಬಹುದಾದಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆ. ಅದನ್ನು ಛೇಂಬರ್ ಎನ್ನುತ್ತಿದ್ದೆವು. ಪಂಪುಗಳು ಅದರೊಳಗಿನ ಗಾಳಿಯನ್ನು ಹೀರಿ ತೆಗೆದ ಮೇಲೆ, ಒಂದು ಲೋಹದ ಹಲಗೆಯಿಂದ ಕಣಗಳು ಸಿಡಿದು ಎದುರಿಗಿಟ್ಟ ವಸ್ತುವಿನ ಮೇಲೆ ಕೂರುತ್ತಿದ್ದವು. ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳಿಗೆ ಒಂದು ಬಗೆಯ ಲೇಪ. ಲ್ಯಾಪ್‌ಟಾಪ್ ಪರದೆಯ ಗಾಜಿಗೆ ಇನ್ನೊಂದು ಬಗೆಯದು, ಕಣ್ಣಿಗೆ ಕಾಣದಷ್ಟು ತೆಳು, ಆದರೆ ಕರೆಂಟ್ ಹರಿಯಬೇಕು. ನಾನು ಪುಸ್ತಕದ ಭಾಷೆಯಲ್ಲಿ ಕಲಿತಿದ್ದ ಇದನ್ನೆಲ್ಲ ಅಕ್ಕ ಹೇಳುತ್ತಿದ್ದ ರೀತಿ ಬೇರೆ. "ಗ್ವಾಡಿಗೆ ಸುಣ್ಣ ಬಳದಂಗ ಅಲ್ಲ ಇದು. ಹುಲ್ಲಿನ ಮ್ಯಾಲ ಇಬ್ಬನಿ ಕುಂದ್ರತೈತಲ್ಲ, ಹಂಗ ಕುಂದ್ರಬೇಕು. ಕುಂತಿದ್ದು ಹುಲ್ಲಿಗೂ ಗೊತ್ತಾಗಬಾರ್ದು."

ಇಂಥ ಯಂತ್ರಕ್ಕೆ ದೊಡ್ಡ ಶತ್ರು ಮನುಷ್ಯನ ಮೈ. ಬೆವರು, ಎಣ್ಣೆ, ಉದುರಿದ ಕೂದಲು. ಛೇಂಬರ್ ಕೋಣೆಗೆ ಹೋಗುವ ಮೊದಲು ಮೇಲಂಗಿ, ಟೋಪಿ, ಗ್ಲೌಸ್ ತೊಡಬೇಕಿತ್ತು. ಅಕ್ಕ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದರು, ಪೌಡರ್ ಬಿಟ್ಟಿದ್ದರು, ಚಳಿಗಾಲದಲ್ಲಿ ಅಂಗೈ ಬಿರಿದರೂ ಕ್ರೀಮ್ ಮುಟ್ಟುತ್ತಿರಲಿಲ್ಲ. "ಮದುವಿಗೆ ಹೊಂಟೋರು ಮೈತುಂಬ ಹಚ್ಕೊಂಡು ಹೋಗ್ತಾರ. ನಾವು ಎಲ್ಲಾ ತೊಳಕೊಂಡು ಹೊಂಟೀವಿ ನೋಡು," ಎನ್ನುತ್ತಿದ್ದರು. ಅವರ ಮೈಯಿಂದ ಬರುತ್ತಿದ್ದುದು ಒಂದೇ ವಾಸನೆ, ಭಾಗಗಳನ್ನು ಒರೆಸಲು ನಾವು ಬಳಸುತ್ತಿದ್ದ ಆಲ್ಕೊಹಾಲಿನದು.

ಇಷ್ಟು ಕಟ್ಟುನಿಟ್ಟಿನ ಹೆಂಗಸಿಗೆ ಬಿಡಲಾಗದ ಒಂದು ಅಭ್ಯಾಸವಿತ್ತು. ದಿನದ ಕೆಲಸ ಶುರುವಾಗುವ ಮೊದಲು ಬಲಗೈ ಗ್ಲೌಸ್ ತೆಗೆದು, ಯಂತ್ರದ ಕಾಲನ್ನು ಮುಟ್ಟಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆಮೇಲೆ ಹೊಸ ಗ್ಲೌಸ್.

"ಗ್ಲೌಸ್ ಹಾಕ್ಕೊಂಡೇ ಮುಟ್ಟಬಹುದಲ್ಲಾ ಅಕ್ಕ?" ಎಂದು ಒಮ್ಮೆ ಕೇಳಿದೆ.

"ನಿಮ್ಮೂರಾಗ ದೇವರ ಗುಡಿಗೆ ಬೂಟು ಹಾಕ್ಕೊಂಡು ಹೋಗ್ತಾರೇನೋ?"

ಇನ್ನೊಮ್ಮೆ ನೆಲದ ಮೇಲಿದ್ದ ಸ್ಪ್ಯಾನರನ್ನು ನಾನು ಕಾಲಿನಿಂದ ಸರಿಸಿದೆ. ಕೋಣೆಯ ಆ ತುದಿಯಿಂದ ಕೂಗಿದರು: "ಏ ತಮ್ಮಾ! ಕಾಲೀಲೆ ದಬ್ಬತೀಯಲ್ಲೋ! ಮುಟ್ಟಿ ನಮಸ್ಕಾರ ಮಾಡು."

"ಅಕ್ಕಾ, ಇದು ಅಮೆರಿಕದ ಸ್ಪ್ಯಾನರ್. ಅದಕ್ಕೇನ್ ಗೊತ್ತಾಗತ್ತೆ?"

"ಸ್ಪ್ಯಾನರಿಗೆ ಗೊತ್ತಾಗಲಿ ಅಂತಲ್ಲೋ. ನಿನ್ನ ಕಾಲಿಗೆ ಗೊತ್ತಾಗಲಿ ಅಂತ."

ಲೇಪಕ್ಕೆ ಹೋಗುವ ಗಾಜುಗಳನ್ನು ಚೌಕಟ್ಟಿಗೆ ಏರಿಸುತ್ತಿದ್ದವರು ಸೌತ್ ಕ್ಯಾರೊಲಿನಾದಿಂದ ಬಂದಿದ್ದ ಒಬ್ಬ ಹಿರಿಯ ಕರಿಯ ಮನುಷ್ಯ. ಅಕ್ಕ ಅವರನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ಅದು ತಮ್ಮ ಹುದ್ದೆಯ ಇಂಡಿಯನ್ ಹೆಸರು ಎಂದು ಅವರು ಬಹಳ ಕಾಲ ನಂಬಿದ್ದರಂತೆ. ಸ್ಪ್ಯಾನರಿನ ಪ್ರಸಂಗ ನಡೆದಾಗ ಅವರೂ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ನನ್ನತ್ತ ಕಣ್ಣು ಮಿಟುಕಿಸಿದರು. ಅಥವಾ ಅದು ಬೇರೆ ದಿನವೋ... ಇವರಿಬ್ಬರ ನಗು ನನ್ನ ನೆನಪಿನಲ್ಲಿ ಯಾವಾಗಲೂ ಒಟ್ಟಿಗೇ ಕೇಳಿಸುತ್ತದೆ. ಹಾಗಾಗಿ ಆ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆ ವರ್ಷ ಕಂಪನಿಗೆ ಕೆಟ್ಟ ಕಾಲ. ಡಿಸ್ಕಿನ ಯಂತ್ರಗಳಿಗೆ ಗಿರಾಕಿಗಳು ಕಡಿಮೆಯಾಗಿದ್ದರು. ಪರದೆಯ ಗಾಜಿನ ಯಂತ್ರವೊಂದನ್ನು ಕೊಳ್ಳಲು ಕೊರಿಯಾದ ಒಂದು ಕಂಪನಿ ಮುಂದೆ ಬಂದಿತ್ತು. ಅವರ ಜನ ಬಂದು, ಕಣ್ಣೆದುರಿಗೇ ಗಾಜಿಗೆ ಲೇಪ ಹಾಕಿಸಿ ನೋಡಿ, ಒಪ್ಪಿದರೆ ಮಾತ್ರ ಖರೀದಿ. ಒಪ್ಪದಿದ್ದರೆ ಈ ವಿಭಾಗವನ್ನೇ ಮುಚ್ಚುವುದಾಗಿ ನಮ್ಮ ಯಜಮಾನ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದ. ಅಕ್ಕನ ವೀಸಾ ನಿಂತಿದ್ದುದು ಈ ಕೆಲಸದ ಮೇಲೆ. ಅವರ ಗಂಡನಿಗೆ ಇಲ್ಲಿ ದುಡಿಯುವ ಪರವಾನಗಿ ಇರಲಿಲ್ಲ. ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕಿತ್ತು.

"ಮಷಿನ್ ಪಾಸಾದ್ರ ನಮ್ಮ ಹುಡುಗಿನೂ ಪಾಸು, ತಮ್ಮಾ," ಎಂದಿದ್ದರು. ಹಾಗೆಂದು ನಕ್ಕಿದ್ದರು. ಆದರೆ ಆ ದಿನಗಳಲ್ಲಿ ಊಟದ ಡಬ್ಬಿಯನ್ನು ಅರ್ಧ ತಿಂದು ಮುಚ್ಚುತ್ತಿದ್ದರು.

ಪರೀಕ್ಷೆಯ ಬೆಳಿಗ್ಗೆ ಯಂತ್ರದ ಕಾಲು ಮುಟ್ಟಿದ್ದು ಅವರಿಗೆ ಸಾಕೆನಿಸಲಿಲ್ಲ. ದೊಡ್ಡಪ್ಪ ಗಾಜುಗಳನ್ನು ಏರಿಸಿ ನಿಲ್ಲಿಸಿದ್ದ ಚೌಕಟ್ಟು ಛೇಂಬರಿನ ಬಾಯಿಯಲ್ಲಿತ್ತು. ಅಕ್ಕ ಬರಿಗೈಯನ್ನು ಅದರ ಅಂಚಿಗೂ ತಾಗಿಸಿ ಕಣ್ಣಿಗೆ ಒತ್ತಿಕೊಂಡರು. ಇದನ್ನು ನಾನು ನೋಡಿದೆ. ಚೌಕಟ್ಟನ್ನು ಮುಟ್ಟಿದ್ದನ್ನು ನೋಡಿದೆ. ಗಾಜನ್ನು ಮುಟ್ಟಿದ್ದನ್ನು ನೋಡಲಿಲ್ಲ.

ಮಧ್ಯಾಹ್ನ ಗಾಜುಗಳು ಹೊರಬಂದವು. ಖರೀದಿದಾರರ ಕಡೆಯ ಹಿರಿಯ ಎಂಜಿನಿಯರ್ ಒಂದೊಂದನ್ನೇ ದೀಪಕ್ಕೆ ಓರೆಯಾಗಿ ಹಿಡಿದು ನೋಡುತ್ತ ಬಂದರು. ಒಂದರ ಮುಂದೆ ನಿಂತುಬಿಟ್ಟರು. ಅದರ ಮೂಲೆಯಲ್ಲಿ ಹೆಬ್ಬೆರಳಿನ ಗುರುತು. ಚರ್ಮದ ಎಣ್ಣೆಯ ಮೇಲೆ ಲೇಪ ಕೂತು, ಒಂದೊಂದು ಗೆರೆಯೂ ನೀಲಿ ನೇರಳೆ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ನೋಡಲು ಚೆಂದವಿತ್ತು ಎಂದರೆ ತಪ್ಪಾದೀತು, ಆದರೆ ಇತ್ತು.

ಯಜಮಾನನ ಮುಖ ಕೆಂಪಾಯಿತು. ಅವನು ತಿರುಗಿದ್ದು ದೊಡ್ಡಪ್ಪನ ಕಡೆಗೆ. ಗಾಜು ಮುಟ್ಟುವ ಕೆಲಸ ಅವರದೇ ತಾನೆ? ದೊಡ್ಡಪ್ಪ ಎರಡೂ ಕೈಗಳನ್ನು ಮುಂದೆ ಚಾಚಿ ಗ್ಲೌಸ್ ತೋರಿಸಿದರು. ಅವುಗಳಲ್ಲಿ ಒಂದರ ಹೆಬ್ಬೆರಳು ಹರಿದಿತ್ತು ಎಂಬ ಚಿತ್ರ ನನ್ನ ತಲೆಯಲ್ಲಿದೆ. ಆದರೆ ಗ್ಲೌಸ್‌ಗಳು ದಿನವೂ ಹರಿಯುತ್ತಿದ್ದವು. ಆ ಹರಿದದ್ದು ಆ ದಿನದ್ದೇ ಎಂದು ನಾನು ಆಣೆ ಮಾಡಲಾರೆ.

"ಅದು ನನ್ನ ಬೆರಳು," ಎಂದು ಅಕ್ಕ ಇಂಗ್ಲಿಷಿನಲ್ಲಿ ಹೇಳಿದರು. ತಕ್ಷಣ ಹೇಳಿದರೋ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರೋ. ಅವರ ಮೇಲಿನ ಪ್ರೀತಿ ಹೆಚ್ಚಾದ ದಿನ ತಕ್ಷಣವೇ ಹೇಳಿದಂತೆ ನೆನಪಾಗುತ್ತದೆ.

ಬೆಳಿಗ್ಗೆ ಗ್ಲೌಸ್ ಯಾಕೆ ತೆಗೆದೆ ಎಂಬುದನ್ನೂ ಅವರೇ ವಿವರಿಸಿದರು. ಯಂತ್ರಕ್ಕೆ ನಮಸ್ಕಾರ ಮಾಡುವುದು ಎಂದರೇನೆಂದು ಯಜಮಾನನಿಗೆ ಅರ್ಥವಾಗಲಿಲ್ಲ. ಕೊರಿಯಾದ ಹಿರಿಯರು ಮಾತ್ರ ತಿಳಿಯಿತೆಂಬಂತೆ ತಲೆಯಾಡಿಸಿದರು. ಜೇಬಿನಿಂದ ಟೇಪ್ ತೆಗೆದು, ಗುರುತಿನ ಮೇಲೆ ಒಂದು ತುಂಡು ಅಂಟಿಸಿ ಪಟ್ಟನೆ ಕಿತ್ತರು. ಲೇಪ ಟೇಪಿನ ಜೊತೆ ಎದ್ದು ಬಂತು. ಅದರ ಪಕ್ಕದಲ್ಲಿ ಅಂಟಿಸಿ ಕಿತ್ತರು. ಏನೂ ಬರಲಿಲ್ಲ. ಗಾಜಿನ ಉದ್ದಕ್ಕೂ ಅಂಟಿಸಿ ಕೀಳುತ್ತ ಹೋದರು. ಬೆರಳು ಬಿದ್ದ ಜಾಗ ಬಿಟ್ಟು ಬೇರೆಲ್ಲೂ ಲೇಪ ಏಳಲಿಲ್ಲ. ತಪ್ಪು ಯಂತ್ರದ್ದಲ್ಲ ಎಂದು ಅವರು ಹೇಳಿದಾಗ ಅಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಕೂತವರು ನನ್ನ ಕಡೆ ನೋಡಿ ಮೆಲ್ಲನೆ, "ಹುಡುಗಿ ಪಾಸಾದಳೋ," ಎಂದರು.

ಯಂತ್ರ ಮಾರಾಟವಾಯಿತು. ವಿಭಾಗ ಉಳಿಯಿತು. ಅಕ್ಕನ ಕೆಲಸವೂ ಉಳಿಯಿತು. ಆದರೆ ಅದೇ ವಾರ ಯಜಮಾನ ಅವರನ್ನು ಕರೆದು, ಇನ್ನು ಮುಂದೆ ಛೇಂಬರ್ ಕೋಣೆಗೆ ಕಾಲಿಡಬಾರದು ಎಂದ. ಹೊರಗೆ ಒಂದು ಮೇಜು ಕೊಟ್ಟ. ಯಂತ್ರದ ಜೊತೆ ಕಳಿಸುವ ಕೈಪಿಡಿ ಬರೆಯುವುದು, ಗಿರಾಕಿಗಳ ಫೋನಿಗೆ ಉತ್ತರ ಹೇಳುವುದು ಅವರ ಕೆಲಸವಾಯಿತು. ಛೇಂಬರ್ ನನ್ನ ಪಾಲಿಗೆ ಬಂತು.

ಕೋಣೆಯ ಗೋಡೆಯಲ್ಲಿ ಒಂದು ಗಾಜಿನ ಕಿಟಕಿಯಿತ್ತು. ಅಕ್ಕ ಕಾಫಿ ಹಿಡಿದು ಅದರ ಆಚೆ ಬಂದು ನಿಲ್ಲುತ್ತಿದ್ದರು. ಪಂಪಿನ ಸಪ್ಪಳದಲ್ಲಿ ಮಾತು ಕೇಳುತ್ತಿರಲಿಲ್ಲ. ಕೈಸನ್ನೆಯಲ್ಲೇ ವಾಲ್ವ್ ತಿರುಗಿಸು, ನಿಲ್ಲು, ಅವಸರ ಮಾಡಬೇಡ ಎನ್ನುತ್ತಿದ್ದರು. ನಾನು ತಪ್ಪಿದರೆ ಹಣೆ ಬಡಿದುಕೊಳ್ಳುತ್ತಿದ್ದರು. ದೊಡ್ಡಪ್ಪ ಒಳಗಿನಿಂದ ಗ್ಲೌಸ್ ತೊಟ್ಟ ಕೈ ಜೋಡಿಸಿ ನಮಸ್ಕಾರ ಮಾಡಿದರೆ, ಬೂಟು ಬಿಚ್ಚು ಎಂಬಂತೆ ಅವರ ಕಾಲಿನ ಕಡೆ ಬೆರಳು ತೋರಿಸಿ ನಗುತ್ತಿದ್ದರು. ಆ ನಗು ಮುಗಿದ ಮೇಲೂ ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದರು. ಯಂತ್ರವನ್ನು ನೋಡುತ್ತ... ನಾನು ನೋಡದವನಂತೆ ಕೆಲಸ ಮಾಡುತ್ತಿದ್ದೆ.

ಮಗಳ ಹೈಸ್ಕೂಲು ಮುಗಿಯಿತು, ಕಾಲೇಜು ಸೇರಿದಳು. ಅಕ್ಕನ ಸಂಸಾರ ಷಾರ್ಲೆಟ್ ಊರಿಗೆ ಹೋಯಿತು. ಹಬ್ಬಕ್ಕೆ ಫೋನು, ಆಮೇಲೆ ಹೊಸ ವರ್ಷಕ್ಕೆ ಮಾತ್ರ ಫೋನು, ಆಮೇಲೆ ಅದೂ ಇಲ್ಲ.

ಮೊನ್ನೆ ಅವರ ನೆನಪಿಗೆ ಮಗಳ ಮನೆಯಲ್ಲಿ ಊಟವಿತ್ತು. ಅಟ್ಲಾಂಟಾದಿಂದ ಡ್ರೈವ್ ಮಾಡಿಕೊಂಡು ಹೋದೆ. ಹುಡುಗಿ ಈಗ ನಡುವಯಸ್ಸಿನ ಹೆಂಗಸು. ಆಗಲೇ ನನ್ನನ್ನು ಮಾಮಾ ಎನ್ನುತ್ತಿದ್ದಳು, ಈಗಲೂ ಹಾಗೇ ಕರೆದು ಅತ್ತಳು. ಊಟಕ್ಕೆ ಕೂತಾಗ ನನ್ನ ಪಕ್ಕದವರಿಗೆ ತಾಯಿಯ ವಿಷಯ ಹೇಳುತ್ತಿದ್ದಳು.

"ನಾನು ಹೈಸ್ಕೂಲ್ ಲಾಸ್ಟ್ ಇಯರ್ ಇದ್ದಾಗ ಅಮ್ಮಂಗೆ ಪ್ರಮೋಷನ್ ಆಯ್ತು. ಓನ್ ಡೆಸ್ಕ್, ವಿಂಡೋ, ಎಲ್ಲ ಕೊಟ್ರು. ಶಿ ವಾಸ್ ಸೋ ಹ್ಯಾಪಿ. ಅಪ್ಪ ಶೇಂಗಾ ಹೋಳಿಗೆ ಮಾಡಿದ್ರು. ಅಲ್ವಾ, ಮಾಮಾ?"

"ಹೌದಮ್ಮ," ಎಂದೆ.

ಮನೆಯವರಿಗೆ ಗಾಬರಿಯಾಗದಿರಲಿ ಎಂದು ಅಕ್ಕ ಹಾಗೆ ಹೇಳಿದ್ದರೋ, ಮಗಳ ಓದು ಮುಗಿಸಲು ಉಳಿದ ಆ ಕೆಲಸ ಅವರಿಗೆ ನಿಜಕ್ಕೂ ಬಡ್ತಿಯೇ ಆಗಿತ್ತೋ. ಇಷ್ಟು ವರ್ಷ ನಾನು ಅದನ್ನು ಶಿಕ್ಷೆ ಎಂದೇ ತಿಳಿದು ಅವರ ಪರವಾಗಿ ಒಬ್ಬನೇ ನೊಂದುಕೊಂಡಿದ್ದೆ. ಒಂದು ಫೋನ್ ಮಾಡಿ ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು, ಜೊತೆಗೆ ಒಂದು ಬೈಗುಳವನ್ನೂ ಸೇರಿಸಿ. ಇನ್ನು ಕೇಳುವುದಕ್ಕೆ ಯಾರೂ ಇಲ್ಲ.

ಮಗಳು ನನ್ನ ತಟ್ಟೆಗೆ ಪಾಯಸ ಬಡಿಸಿ ಮುಂದಿನ ಸಾಲಿಗೆ ಹೋದಳು. ಅಲ್ಲಿಯೂ ಅದೇ ಕತೆ ಹೇಳತೊಡಗಿದಳು. ಈ ಸಲ ಅಕ್ಕನ ಮೇಜಿಗೆ ಎರಡು ಕಿಟಕಿಗಳಿದ್ದವು. ನಾನು ತಿದ್ದಲು ಹೋಗಲಿಲ್ಲ.