ಲವಂಗದ ಅಣು ಮತ್ತು ಮಾಬ್ಲಣ್ಣನ ಕೈ

ಇವತ್ತು ಬೆಳಿಗ್ಗೆ ಶಿರಸಿಯ ಹಲ್ಲಿನ ಡಾಕ್ಟರು ನನ್ನ ದವಡೆಗೆ ಲವಂಗದೆಣ್ಣೆಯ ಹತ್ತಿ ಇಟ್ಟರು. ಎಣ್ಣೆ ಶುದ್ಧವೋ, ಏನಾದರೂ ಬೆರೆಸಿದ್ದಾರೋ ಎಂದು ಬಾಯಿ ತೆರೆದುಕೊಂಡೇ ಅನುಮಾನಿಸಿದೆ. ನನ್ನ ಸ್ವಭಾವವೇ ಅಂಥದ್ದು ನೋಡಿ. ಹಾಲು, ತಕ್ಕಡಿ, ಬಸ್ಸಿನ ಬೋರ್ಡು, ಯಾವುದನ್ನೂ ಸುಮ್ಮನೆ ನಂಬಿದವಳಲ್ಲ. ನಂಬಿದ್ದು ಕಂಪ್ಯೂಟರನ್ನು ಮಾತ್ರ. ಲವಂಗದ ವಾಸನೆಯ ಹಿಂದೆಯೇ ಮಾಬ್ಲಣ್ಣ ನೆನಪಾದ.

ಕೆಲವು ವರ್ಷಗಳ ಹಿಂದೆ, ಲವಂಗಕ್ಕೆ ಆ ವಾಸನೆ ಕೊಡುವ ಅಣುವಿನ ಮೇಲೆ ನಾನು ಪಿಎಚ್‌.ಡಿ. ಮಾಡುತ್ತಿದ್ದೆ. ಅಣುವಿನ ಒಂದು ಮಗ್ಗುಲಲ್ಲಿ ತುಸು ಧನ ವಿದ್ಯುತ್ತು, ಇನ್ನೊಂದರಲ್ಲಿ ತುಸು ಋಣ. ಈ ಏರುಪೇರಿನ ಅಳತೆಗೆ ಡೈಪೋಲ್ ಮೊಮೆಂಟ್ ಎನ್ನುತ್ತಾರೆ. ಮನೆಯಲ್ಲಿ ಸುಮ್ಮನಿರುವ ಭಾವ ಮದುವೆಯ ಪಂಕ್ತಿಯಲ್ಲಿ ದೊಡ್ಡ ಗಂಟಲು ಮಾಡುವಂತೆ, ದ್ರಾವಕದಲ್ಲಿ, ಎಂದರೆ ಕರಗಿಸುವ ದ್ರವದಲ್ಲಿ, ಬೆರೆತಾಗ ಈ ಅಳತೆ ಹೆಚ್ಚುತ್ತದೆ. ನಾನು ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಪ್ರಯೋಗಾಲಯದ ಸಹಾಯಕ ಮಾಬ್ಲಣ್ಣ ಫ್ಲಾಸ್ಕಿನಲ್ಲಿ ಕರಗಿಸಿ ಅಳೆಯುತ್ತಿದ್ದ.

ವಾನಳ್ಳಿಯ ಅವನ ಮನೆ ಅಪ್ಪೆಮಿಡಿ ಉಪ್ಪಿನಕಾಯಿಗೆ ಹೆಸರಾದದ್ದು. ಭರಣಿಯಲ್ಲಿ ನೀರಿನ ಪಸೆಯಿದ್ದರೆ ಮಿಡಿ ಕೆಡುತ್ತದೆ ಎಂದು ಕಲಿತವನು ಫ್ಲಾಸ್ಕನ್ನೂ ಹಾಗೇ ಕಾಯಿಸಿ ಒಣಗಿಸುತ್ತಿದ್ದ. ಹತ್ತಿರ ಹೋದರೆ “ಕೈ ಒಣಗಿದ್ದಾ ತಂಗಿ?” ಎಂಬ ವಿಚಾರಣೆ. ನನ್ನ ಪರದೆಯ ಮೇಲೂ ಅವನಿಗೆ ಗುಮಾನಿಯೇ.

“ಇದ್ರಲ್ಲಿ ದ್ರಾವಕ ಎಲ್ಲಿದ್ದು? ಯಂಗೆ ಕಾಣ್ತಿಲ್ಲೆ.”

“ಕಾಣ್ತಿಲ್ಲೆ ಮಾಬ್ಲಣ್ಣ, ಆದ್ರೆ ಇದ್ದು” ಎಂದು ನಕ್ಕಿದ್ದೆ. ದ್ರಾವಕವನ್ನು ಚಿತ್ರದಲ್ಲಿ ತೋರಿಸದೆ ಲೆಕ್ಕದಲ್ಲಷ್ಟೇ ಹಿಡಿಯುವ ವಿಧಾನ ಅದು.

ಅವನ ಅಳತೆ ನನ್ನದಕ್ಕಿಂತ ಹೆಚ್ಚು ಬಂತು. ಫ್ಲಾಸ್ಕಿನಲ್ಲಿ ನೀರು ಸೇರಿದರೂ ಅಳತೆ ಏರುತ್ತದೆ. ಇನ್ನೇನು ಬೇಕು? ಮಾರ್ಗದರ್ಶಕರ ಎದುರಿಗೇ ಹೇಳಿಬಿಟ್ಟೆ: “ಸರ್, ಇವರ ಫ್ಲಾಸ್ಕು ಒದ್ದೆ ಇತ್ತು ಅನ್ಸತ್ತೆ.” ಉಪ್ಪಿನಕಾಯಿಯ ಮನೆಯವನಿಗೆ ಆಡಬಾರದ ಮಾತು. ಮಾಬ್ಲಣ್ಣ ತನ್ನ ಕೈಗಳನ್ನು ನೋಡಿಕೊಂಡ. ತಪ್ಪಿಲ್ಲದಿದ್ದರೆ ಯಾಕೆ ಸುಮ್ಮನಿದ್ದಾನೆ ಎಂದು ಅದಕ್ಕೂ ಅನುಮಾನಪಟ್ಟೆ. ವರ್ಷವೂ ನನಗೆ ಸಿಗುತ್ತಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿ ಆ ವರ್ಷ ಬರಲಿಲ್ಲ.

ಪ್ರಬಂಧ ಬರೆಯುವಾಗ ತಪ್ಪು ಸಿಕ್ಕಿತು. ಹಳೆಯ ಫೈಲನ್ನು ನಕಲು ಮಾಡಿ ಲೆಕ್ಕಕ್ಕೆ ಕೊಟ್ಟಿದ್ದೆ. ದ್ರಾವಕದ ಹೆಸರು ಬರೆಯಬೇಕಾದ ಸಾಲೇ ಅದರಲ್ಲಿರಲಿಲ್ಲ. ಕಂಪ್ಯೂಟರು ಅಣುವನ್ನು ಬರಿಯ ಶೂನ್ಯದಲ್ಲಿ ಒಂಟಿಯಾಗಿಟ್ಟು ಲೆಕ್ಕ ಮಾಡಿತ್ತು. ಸಾಲು ಸೇರಿಸಿದೆ, ಉತ್ತರ ಮಾಬ್ಲಣ್ಣನ ಅಳತೆಯ ಪಕ್ಕಕ್ಕೇ ಬಂದು ನಿಂತಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಹುಡುಕುವವರೆಂದರೆ ನಾನೇ. ಪ್ರಬಂಧ ತಿದ್ದಿದೆ, ಮಾರ್ಗದರ್ಶಕರಿಗೂ ಹೇಳಿದೆ. ಆ ಹೊತ್ತಿಗೆ ಮಾಬ್ಲಣ್ಣ ನಿವೃತ್ತನಾಗಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಚಿಕೆಗೆ ನಾಳೆಗಳು ಬಹಳ. ಆರು ವರ್ಷ ಕಳೆಯಿತು.

ಇವತ್ತು ಡಾಕ್ಟರಲ್ಲಿಂದ ನೇರ ವಾನಳ್ಳಿಯ ಬಸ್ಸು ಹತ್ತಿದೆ. ಅವನ ಮನೆಯ ಜಗಲಿ ಹತ್ತಿ, ಅರ್ಧ ಮರಗಟ್ಟಿದ ಬಾಯಲ್ಲೇ ಹೇಳಿದೆ: “ಮಾಬ್ಲಣ್ಣ, ತಪ್ಪು ಯಂದೇ. ದ್ರಾವಕ ಇರ್ಲೇ ಇಲ್ಲೆ.”

ಅವನು ಗೆದ್ದವನಂತೆ ನಗುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದೇ ಬೇರೆ: “ಅಂದಿಂದ ಆನು ಭರಣಿ ಮುಟ್ಟಿದ್ನಿಲ್ಲೆ ತಂಗಿ. ಯನ್ನ ಕೈ ಮೇಲೇ ಯಂಗೆ ಸಂಶಯ ಬಂದೋತು.”

“ಇವತ್ತು ಭರಣಿಯಿಂದ ಮಿಡಿ ನೀನೇ ತೆಗ್ದು ಕೊಡು” ಎಂದೆ. ಮಾಬ್ಲಣ್ಣ ಎದ್ದ. ಒಣಗಿಯೇ ಇದ್ದ ಕೈಗಳನ್ನು ಪಂಚೆಗೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ, ಆಮೇಲೆ ಒಳಗೆ ಹೋದ.