ಸ್ಟ್ರಾಬೆರಿ ಇಟ್ಟ ಕೈ

ನಮ್ಮ ಮನೆತನದಷ್ಟು ಸುಧಾರಿಸಿದ ಮನೆತನ ಹೈದರಾಬಾದಿನಲ್ಲಿ ಇನ್ನೊಂದಿಲ್ಲ. ಮೂಸಿ ನದಿಯ ಈ ದಂಡೆಯಲ್ಲೂ ಇಲ್ಲ, ಆ ದಂಡೆಯಲ್ಲೂ ಇಲ್ಲ. ನದಿಯೊಳಗೆ ಇದ್ದರೆ ಇರಬಹುದು, ಆ ವಾಸನೆಗೆ ಇಳಿದು ನೋಡಿದವರಿಲ್ಲ. ನಮ್ಮಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮಡಿ ಮೈಲಿಗೆಯನ್ನು ನಮ್ಮ ಅಜ್ಜನೇ ಹುಮನಾಬಾದಿನ ಹಗೇವಿನಲ್ಲಿ ಹೂತು, ಮೇಲೆ ಜೋಳ ತುಂಬಿ ಬಂದಿದ್ದಾನೆ. ಇದನ್ನು ಹೇಳುವವನು ನಾನಲ್ಲ, ನನ್ನ ದೊಡ್ಡಪ್ಪನ ಮಗ ಸಿದ್ದರಾಮಪ್ಪ. ಗಚ್ಚಿಬೌಲಿಯಲ್ಲಿ ಕಿರಿಯ ಮಗನ ಫ್ಲ್ಯಾಟಿನ ಸೋಫಾದಲ್ಲಿ ಕೂತು ಅವನು ಇದನ್ನು ಹೇಳತೊಡಗಿದರೆ ಕೋಠಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತ ಜನ ಹೂಂಗುಟ್ಟುತ್ತಾರೆ. ಅಷ್ಟು ದೊಡ್ಡ ದನಿ.

ಈ ಸುಧಾರಿಸಿದ ಮನೆತನದ ಹಿರಿಯ ಸೊಸೆ ಶಿವದೇವಿ.

ಕೋಠಿಯಲ್ಲಿ ಸಿದ್ದರಾಮಪ್ಪನದು ಕುಬಸದ ಖಣಗಳ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಹಿರಿಯ ಮಗ ಸೂರ್ಯಕಾಂತನ ಹೆಂಡತಿಯಾಗಿ ಆ ಮರದ ಮೆಟ್ಟಿಲು ಹತ್ತಿದ ಶಿವದೇವಿ ಒಂದೇ ವಾರದಲ್ಲಿ ಅಡುಗೆಮನೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಅವಳ ಹೋಳಿಗೆಯ ಬಗ್ಗೆ ನಾನು ಸುಳ್ಳು ಹೇಳಬೇಕಾದ ಅಗತ್ಯವೇ ಇಲ್ಲ. ಅದು ಎಷ್ಟು ತೆಳುವೆಂದರೆ, ಫ್ಯಾನ್ ಹಚ್ಚಿ ಬಡಿಸುವಂತಿರಲಿಲ್ಲ. ಒಮ್ಮೆ ಯಾರೋ ಮರೆತು ಹಚ್ಚಿದಾಗ ಒಂದು ಹೋಳಿಗೆ ಕಿಟಕಿಯಿಂದ ಹಾರಿ ಎದುರಿನ ಔಷಧದ ಅಂಗಡಿಯ ಗಲ್ಲೆಯ ಮೇಲೆ ಇಳಿಯಿತು. ಅಂಗಡಿಯವನು ಡಾಕ್ಟರರ ಚೀಟಿಯೆಂದು ಕನ್ನಡಕ ಹಾಕಿಕೊಂಡು ಓದಿದ. ಎರಡು ಗುಳಿಗೆ ಕಟ್ಟಿಯೂ ಕೊಟ್ಟ ಎನ್ನುತ್ತಾರೆ, ಅದನ್ನು ನಾನು ಕಣ್ಣಾರೆ ನೋಡಿಲ್ಲ.

ಈ ಹೋಳಿಗೆಗೆ ವರ್ಷಕ್ಕೊಂದು ದೊಡ್ಡ ದಿನವಿತ್ತು: ಎಳ್ಳಮಾವಾಸ್ಯೆ. ಬೀದರ, ಕಲಬುರಗಿ ಕಡೆಯವರಿಗೆ ಅದು ಚಳಿಗಾಲದ ಹಬ್ಬ. ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೋಳಿಗೆ, ಸಜ್ಜೆಯ ಕಡುಬು, ಭಜ್ಜಿ ಎಲ್ಲ ಎಡೆ ಮಾಡಿ, ಅದರ ತುತ್ತನ್ನು ಬೆಳೆಯ ಮೇಲೆ ಚೆಲ್ಲಬೇಕು. ನಮ್ಮ ಮನೆಯಲ್ಲಿ ಎಡೆಯ ತಾಟು ಹಿರಿಯ ಸೊಸೆಯ ಕೈಯಲ್ಲೇ ಹೋಗಬೇಕು. ಹೊಲ ಮಾರಿದ ಮೇಲೂ ಹಬ್ಬ ನಿಲ್ಲಲಿಲ್ಲ. ಈಗ ಅದು ಕಿರಿಯ ಮಗ ವೈಭವ, ಅವನ ಹೆಂಡತಿ ಸಪ್ನಾ ಇರುವ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಡೆಯುತ್ತದೆ. ಪಾಂಡವರು ಮೀನಿನ ತೊಟ್ಟಿಯಿಂದ ಬರುತ್ತಾರೆ. ತುತ್ತನ್ನು ಮನಿ ಪ್ಲಾಂಟಿನ ಕುಂಡದಲ್ಲಿ ಚೆಲ್ಲುತ್ತೇವೆ. ಆ ಬಳ್ಳಿ ಹೋಳಿಗೆ ತಿಂದು ತಿಂದು ಎರಡು ಮಹಡಿ ಇಳಿದು ಕೆಳಗಿನವರ ಬಚ್ಚಲಮನೆಯಲ್ಲಿ ಇಣುಕುತ್ತಿದೆ.

ಸೂರ್ಯಕಾಂತ ಒಂದು ಮಧ್ಯಾಹ್ನ ಗಿರಾಕಿಗೆ ಖಣ ಅಳೆದು ಕೊಡುತ್ತಿದ್ದವನು ಅಲ್ಲೇ ಕುಸಿದು ಸತ್ತ. ಅಳೆಯುತ್ತಿದ್ದ ಬಟ್ಟೆ ಕೈಯಲ್ಲೇ ಇತ್ತು. ಆ ವರ್ಷದ ಎಳ್ಳಮಾವಾಸ್ಯೆಯಂದು ಶಿವದೇವಿ ಎಂದಿನಂತೆ ಎದ್ದು ಎಡೆಯ ತಾಟಿಗೆ ಕೈ ಹಾಕಿದಳು. ಸಿದ್ದರಾಮಪ್ಪ, ಜೀವನದಲ್ಲಿ ಮೊದಲ ಸಲ, ಮೆಲ್ಲಗೆ ಮಾತಾಡಿದ.

"ಇರಲಿವಾ, ನೀ ಕುಂಡ್ರು. ಇನ್ನ ಸಪ್ನಾ ಹಿಡೀಲಿ."

ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಮೆಲ್ಲಗೆ ಹೇಳಿದ್ದಕ್ಕೆ ತಾಟು ಕೆಳಗಿಟ್ಟಳು. ಕೂತಳು. ನಾನು ಆಮೇಲೆ ಅವನನ್ನು ಕೇಳಿದೆ, "ಅಣ್ಣಾ, ಇದು ಯಾವ ಶಾಸ್ತ್ರದಾಗ ಐತಿ?"

"ಶಾಸ್ತ್ರದಾಗ ಎಲ್ಲೈತಪಾ? ಮನಿಯಾಗ ಐತಿ" ಅಂದ.

ಅಂದಿನಿಂದ ಹಾಗೇ ಆಯಿತು. ಉಳಿದ ದಿನ ಅವಳು ತಟ್ಟಿದ ರೊಟ್ಟಿಯನ್ನು ಅವನು ಕಣ್ಣು ಮುಚ್ಚಿ ತಿನ್ನುತ್ತಾನೆ. ಹಬ್ಬದ ದಿನ ಮಾತ್ರ ದೇವರ ಅಡುಗೆಗೆ ಅವಳ ಕೈ ತಾಗುವಂತಿಲ್ಲ, ಮುತ್ತೈದೆಯದೇ ಕೈ ಬೇಕು. ಮುತ್ತೈದೆ ಸಪ್ನಾ ಒಳ್ಳೆಯ ಹುಡುಗಿ. ಆದರೆ ಅವಳು ಲಟ್ಟಿಸಿದ ಹೋಳಿಗೆಯಲ್ಲಿ ಹೂರಣ ಒಂದು ಜಿಲ್ಲೆಯಲ್ಲಿದ್ದರೆ ಕಣಕ ಇನ್ನೊಂದು ಜಿಲ್ಲೆಯಲ್ಲಿರುತ್ತದೆ. ಶಿವದೇವಿಗೆ ಒಂದೇ ಆಸೆ ಉಳಿದಿತ್ತು. ಇನ್ನೊಮ್ಮೆ ಆ ದಿನ ತನ್ನ ಕೈಯಡುಗೆ ದೇವರ ಮುಂದೆ ಹೋಗಬೇಕು, ಇದು ಶಿವದೇವಿ ಮಾಡಿದ್ದು ಅಂತ ನಾಲ್ಕು ಜನ ಅನ್ನಬೇಕು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಹಬ್ಬದ ದಿನ ಅವಳು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತ ರೀತಿ ನೋಡಿದರೆ ಕುರುಡನಿಗೂ ತಿಳಿಯುತ್ತಿತ್ತು.

ಈಚೆಗೆ ಒಂದು ವರ್ಷ ಎಳ್ಳಮಾವಾಸ್ಯೆ ಕ್ರಿಸ್‌ಮಸ್ ರಜೆಯೊಳಗೇ ಬಂತು. ಸಪ್ನಾ ಕೋಠಿಗೆ ಫೋನ್ ಮಾಡಿದಳು.

"ಅಕ್ಕಾ, ಈ ಸಲ ಅಪಾರ್ಟ್‌ಮೆಂಟಿನವರನ್ನೂ ಕರದೀನ್ರಿ. ರಜಾ ಅಲ್ಲಾ, ಕೇಕ್ ಬೇಕು. ಕೊಂಡಾಪುರದಾಗ ತಿಂದಿದ್ದೆ, ಕ್ರೇಪ್ ಕೇಕ್ ಅಂತ. ತೆಳ್ಳನ್ನ ದೋಸಿ ಒಂದರ ಮ್ಯಾಲೊಂದು, ನಡುವ ಕೆನಿ. ನಿಮ್ಮ ಕೈಲೆ ಚಂದ ಆಕ್ಕೈತಿ."

"ನನ್ನ ಕೈ ನಡೀತೈತೇನ?"

"ಕೇಕಿಗೆ ಯಾವ ದೇವ್ರಕ್ಕಾ!"

ಕಡೆಗೂ ಅವಳ ಕೈಗೆ ಹಬ್ಬದಲ್ಲಿ ಒಂದು ಕೆಲಸ ಸಿಕ್ಕಿತು, ದೇವರಿಲ್ಲದ ಕೆಲಸ. ಅವಳು ಅದನ್ನು ದೇವರ ಕೆಲಸದಂತೆಯೇ ಹಿಡಿದಳು. ಕೋಠಿಯ ಮನೆಯಲ್ಲಿ ಮೊದಲ ಪ್ರಯೋಗವಾಯಿತು. ಮೈದಾ, ಹಾಲು, ಬೆಣ್ಣೆ, ಚಿಟಿಕೆ ಸಕ್ಕರೆ; ಮೊಟ್ಟೆಯ ಮಾತೇ ಇಲ್ಲ. ದೋಸೆಗಳೇನೋ ರೇಷ್ಮೆಯಂತೆ ಬಂದವು. ತಪ್ಪಿದ್ದು ನಡುವಿನದು. ಅಂಗಡಿಯ ಕೆನೆ ಯಾಕೆ, ಮನೆಯಲ್ಲಿ ಇಷ್ಟು ತುಪ್ಪವಿದೆಯಲ್ಲ ಎಂದು ಪದರು ಪದರಿಗೆ ತುಪ್ಪ, ಖೋವಾ ಸವರಿ, ಸಪ್ನಾ ಫೋನಿನಲ್ಲಿ ಹೇಳಿದಂತೆ ಫ್ರಿಜ್ಜಿನಲ್ಲಿ ಇಟ್ಟಳು. ಬೆಳಗ್ಗೆ ತೆಗೆದರೆ ಅದು ಗೋಲ್ಕೊಂಡ ಕೋಟೆಯಿಂದ ಕಿತ್ತು ತಂದ ಕಲ್ಲು. ಚಾಕು ಬಾಗಿತು. ಈಳಿಗೆಮಣೆಯ ಹಲ್ಲು ಮುರಿಯಿತು. ಕೊನೆಗೆ ನಾನು ಅದನ್ನು ಅಂಗಡಿಯ ಬಾಗಿಲಿಗೆ ಆನಿಸಿ ಇಟ್ಟೆ. ಬಿಸಿಲೇರುವತನಕ ಬಾಗಿಲು ಮಿಸುಕಲಿಲ್ಲ.

"ನಗ್ರಿ ಕಾಕಾ, ನಗ್ರಿ" ಅಂದಳು. "ಹೋಳಿಗಿಗೆ ತುಪ್ಪ ಬೇಡಿದವರು ಇವತ್ತು ನಗ್ತೀರಿ."

ಹಬ್ಬದ ಹಿಂದಿನ ದಿನ ತನ್ನ ಕಬ್ಬಿಣದ ಹಂಚನ್ನು ಚೀಲದಲ್ಲಿ ಹಾಕಿಕೊಂಡು ಗಚ್ಚಿಬೌಲಿಗೆ ಹೋದಳು. ಈ ಸಲ ಕೆನೆಯನ್ನೇ ಕಡೆದಳು. ಅದಕ್ಕೆ ಬೆಲ್ಲದ ಪಾಕ, ಹುರಿದು ಪುಡಿ ಮಾಡಿದ ಕರಿ ಎಳ್ಳು. ದೋಸೆ ಬಿಸಿಯಿದ್ದರೆ ಕೆನೆ ಕರಗುತ್ತದೆ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಆರಿಸಬೇಕು. ಜಾಗ ಎಲ್ಲಿ? ಸಿದ್ದರಾಮಪ್ಪನ ಒಗೆದ ಧೋತರಗಳನ್ನು ಹಾಸಿಗೆ, ಸೋಫಾ, ಊಟದ ಮೇಜು, ವೈಭವ ಕೂತು ಆಫೀಸಿನ ಕೆಲಸ ಮಾಡುವ ಮೇಜು, ಎಲ್ಲೆಂದರಲ್ಲಿ ಹಾಸಿ ದೋಸೆ ಹರಡಿದಳು. ನಡೆಯಲು ದಾರಿ ಉಳಿಯಲಿಲ್ಲ. ವೈಭವ ಬಾಸ್‌ನ ಜೊತೆ ವಿಡಿಯೊ ಮೀಟಿಂಗನ್ನು ಬಚ್ಚಲಲ್ಲಿ ನಿಂತು ಮಾಡಿದ.

ಸಂಜೆಗೆ ಕೇಕು ನಿಂತಿತು. ಅಂಚಿನಲ್ಲಿ ನೋಡಿದರೆ ಹಳೆಯ ಖಾತೆ ಪುಸ್ತಕದ ಹಾಳೆಗಳಂತೆ ಪದರಿನ ಮೇಲೆ ಪದರು, ನಡುವೆ ಎಳ್ಳಿನ ಕಪ್ಪು ಗೆರೆ. ಸಪ್ನಾ ಚಪ್ಪಾಳೆ ತಟ್ಟಿ, ರಸ್ತೆ ಬದಿಯ ಗಾಡಿಯಿಂದ ತಂದ ಸ್ಟ್ರಾಬೆರಿಯೊಂದನ್ನು ಮೇಲೆ ನೆಟ್ಟಗೆ ಕೂರಿಸಿ ಫೋಟೊ ತೆಗೆದಳು.

ಮರುದಿನ ಬೆಳಗ್ಗೆ ಎಂದಿನ ಹಬ್ಬದ ದೃಶ್ಯ. ಒಲೆಯ ಮುಂದೆ ಸಪ್ನಾ, ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಶಿವದೇವಿ, ಇಬ್ಬರೂ ಕಾಣುವಂತೆ ಪಡಸಾಲೆಯಲ್ಲಿ ಸಿದ್ದರಾಮಪ್ಪ. ಕಡುಬು, ಭಜ್ಜಿ ಹೇಗೋ ದಡ ಸೇರಿದವು.

"ಕಣಕ ಗಟ್ಟಿ ಆತು, ಸಪ್ನಾ. ಎಣ್ಣಿ ಮುಟ್ಟಿಸು."

"ಮುಟ್ಟಿಸೀನಕ್ಕಾ."

"ಮುಟ್ಟಿಸೀಯಲ್ಲ, ಜಳಕ ಮಾಡಿಸೀ. ಇನ್ನ ಲಟ್ಟಿಸಬ್ಯಾಡ, ಸೋಸು."

ಮೂರನೆಯ ಹೋಳಿಗೆಯೂ ಹಂಚಿನ ಮೇಲೆ ಬಾಯಿ ಬಿಟ್ಟಾಗ ಸಪ್ನಾ ಕೈ ಒರೆಸಿಕೊಂಡು ಫೋನ್ ಎತ್ತಿದಳು. ಕೊಂಡಾಪುರದ ಅಂಗಡಿಯೊಂದಕ್ಕೆ ಹೋಳಿಗೆ ಹೇಳಿದಳು.

"ಅಲ್ಲಿ ಮಾಡಾಕಿಗೆ ಗಂಡ ಅದಾನೋ ಇಲ್ಲೋ, ಕೇಳಿದೇನ?" ಶಿವದೇವಿ ಅಂದಳು.

"ಮಾವಾರಿಗೆ ಕೇಳಸ್ತೈತಿ ಅಕ್ಕಾ. ಸುಮ್ನಿರ್ರಿ."

ಕೇಳಿಸಿತ್ತು. ಸಿದ್ದರಾಮಪ್ಪ ಟೀವಿಯ ಸದ್ದು ಏರಿಸಿದ.

ಹೋಳಿಗೆ ತರುವವನು ಫೋನಿನ ನಕಾಶೆಯಲ್ಲಿ ಒಂದು ಚುಕ್ಕೆಯಾಗಿ ಕಾಣಿಸಿಕೊಂಡು ಕೊಂಡಾಪುರದ ಸಿಗ್ನಲ್ಲಿನಲ್ಲಿ ನಿಂತ. ಆ ಸಿಗ್ನಲ್ಲಿನಲ್ಲಿ ನಿಂತವರ ಮಕ್ಕಳು ಅಲ್ಲೇ ಹತ್ತಿರದ ಶಾಲೆಗೆ ಸೇರಿದ್ದಾರೆ. ಮಧ್ಯಾಹ್ನವಾಯಿತು. ಅಕ್ಕಪಕ್ಕದವರು ಬಂದು ಕೂತರು. ಪೂಜೆಯಾಗುವವರೆಗೆ ಬಾಯಿಗೆ ನೀರು ಹಾಕದ ಸಿದ್ದರಾಮಪ್ಪನಿಗೆ ಸಕ್ಕರೆ ಕಾಯಿಲೆ. ಅವನ ಕೈ ಸಣ್ಣಗೆ ನಡುಗತೊಡಗಿತು. ಬಾಲ್ಕನಿಯಲ್ಲಿ ಪಾಂಡವರು ಅರಿಶಿನ ಕುಂಕುಮ ಹಚ್ಚಿಕೊಂಡು ಕಾಯುತ್ತಿದ್ದರು. ಸಿಹಿಯಿಲ್ಲದೆ ಎಡೆಯಿಲ್ಲ. ಅಷ್ಟರಲ್ಲಿ ಹೋಳಿಗೆ ಅಂಗಡಿಯಿಂದ ಸುದ್ದಿ ಬಂತು: ಗಾಡಿ ಬಿದ್ದಿದೆ, ಹುಡುಗ ಕ್ಷೇಮ, ಹೋಳಿಗೆ ರಸ್ತೆಯ ಪಾಲು.

ಸಿದ್ದರಾಮಪ್ಪನ ಕಣ್ಣು ಪಡಸಾಲೆಯಲ್ಲಿ ಸುತ್ತಿ ಮೇಜಿನ ಮೇಲಿನ ಕೇಕಿನ ಮೇಲೆ ನಿಂತಿತು.

"ಅದರಾಗ ತತ್ತಿ ಇಲ್ಲಲ್ಲಾ?"

"ಇಲ್ರಿ ಮಾವಾರ" ಅಂದಳು ಸಪ್ನಾ.

"ಎಳ್ಳು ಐತಿ, ಬೆಲ್ಲ ಐತಿ. ಹೋಳಿಗಿ ಒಂದರ ಮ್ಯಾಲೊಂದು ಇಟ್ಟಂಗ ಐತಿ. ಇಡೂಣು ಅದನ್ನ."

ಶಿವದೇವಿ ಸ್ಟೂಲಿನಿಂದ ಎದ್ದು ನಿಂತಳು. ಅವಳ ಮುಖ ಆಗ ನೋಡಬೇಕಿತ್ತು. ಸೂರ್ಯಕಾಂತ ಹೋದ ಮೇಲೆ ಆ ಮುಖದಲ್ಲಿ ದೀಪ ಹಚ್ಚಿದ್ದನ್ನು ನಾನು ನೋಡಿರಲಿಲ್ಲ.

ವೈಭವ, ಪುಣ್ಯಾತ್ಮ, ಸತ್ಯ ನುಡಿದ. "ಅಪ್ಪಾ, ಅದು ವೈನಿ ಮಾಡ್ಯಾರ."

ಸಿದ್ದರಾಮಪ್ಪ ಕೇಕನ್ನು ನೋಡಿದ, ಗಡಿಯಾರ ನೋಡಿದ, ನಡುಗುವ ಕೈ ನೋಡಿಕೊಂಡ. ಹೈಕೋರ್ಟಿನ ಎಲ್ಲ ವಕೀಲರೂ ಸೇರಿ ಮೂರು ವರ್ಷ ತಡಕಿದರೂ ಸಿಗದ ಸಂದು ಅವನಿಗೆ ಒಂದೇ ಕ್ಷಣದಲ್ಲಿ ಸಿಕ್ಕಿತು.

"ಆ ಕೆಂಪು ಹಣ್ಣು ಇಟ್ಟವರು ಯಾರು?"

"ನಾನ್ರಿ" ಅಂದಳು ಸಪ್ನಾ, ಹೆದರುತ್ತ.

"ಮತ್ತ! ಕಡೀ ಕೈ ನಿಂದ ಹತ್ತೇತಿ. ಕಡೀ ಕೈ ಯಾರದೋ ಅಡಗಿ ಅವರದ. ಇದು ಸಪ್ನಾ ಮಾಡಿದ್ದು. ಎತ್ತವಾ, ಎತ್ತು."

ಹೀಗೆ, ಇಡೀ ದಿನ ಒಲೆಯ ಮುಂದೆ ನಿಂತ ಕೈಯನ್ನು ಒಂದು ಸ್ಟ್ರಾಬೆರಿ ಸೋಲಿಸಿತು. ಸಪ್ನಾ ಒಮ್ಮೆ ಅಕ್ಕನ ಕಡೆ ನೋಡಿ, ತಲೆ ತಗ್ಗಿಸಿ, ತಾಟು ಎತ್ತಿದಳು. ಬಾಲ್ಕನಿಯ ಗಾಜಿನ ಬಾಗಿಲು ಸರಿಯಿತು. ಗಂಟೆ ಬಾರಿಸಿದರು, ಕರ್ಪೂರ ಬೆಳಗಿದರು, ಹೊಲದಲ್ಲಿ ತುತ್ತು ಚೆಲ್ಲುವಾಗ ಕೂಗುವ ಹಾಗೆ "ಹುಲ್ಲುಲ್ಲಿಗೋ ಚಳಂಬ್ರಿಗೋ" ಎಂದು ಕೂಗಿ ಮನಿ ಪ್ಲಾಂಟಿಗೆ ಕೇಕು ಚೆಲ್ಲಿದರು. ಶಿವದೇವಿ ಗಾಜಿನ ಈಚೆಯಿಂದ ನೋಡಿದಳು. ಅವಳು ಬಯಸಿದ್ದು ಅವಳ ಕಣ್ಣೆದುರೇ ನಡೆಯಿತು, ಅವಳೊಬ್ಬಳನ್ನು ಬಿಟ್ಟು.

ಆಮೇಲೆ ಎಲ್ಲರಿಗೂ ತುಂಡು ಹಂಚಿದರು. ಪಕ್ಕದ ಫ್ಲ್ಯಾಟಿನ ದೀಪಾಲಿ ಮೊದಲ ತುತ್ತಿಗೇ ಕಣ್ಣರಳಿಸಿ, "ವಾಹ್ ಅಂಕಲ್, ಕಿಸ್ನೆ ಬನಾಯಾ?" ಎಂದು ಕೇಳಿದಳು.

"ಹಮಾರೀ ಛೋಟೀ ಬಹೂ" ಅಂದ ಸಿದ್ದರಾಮಪ್ಪ, ಕಿರಿಯ ಸೊಸೆಯತ್ತ ಕೈ ತೋರಿಸಿ, ಕೋಠಿಗೆ ಕೇಳಿಸುವಂತೆ. ಸಪ್ನಾ ನೀರು ತರುವ ನೆಪದಲ್ಲಿ ಒಳಗೆ ಹೋದಳು. ವೈಭವ ಫೋನ್ ನೋಡಿದ. ಶಿವದೇವಿಯೂ ಅಡುಗೆಮನೆಗೆ ಹೋದಳು. ದೊಡ್ಡ ಪಾತ್ರೆಯ ಸದ್ದು, ನಲ್ಲಿಯ ಸದ್ದು, ಗ್ಯಾಸ್ ಹೊತ್ತಿದ ಸದ್ದು ಕೇಳಿಸಿತು. ಹಬ್ಬದ ಮುಸುರೆ ತಿಕ್ಕಲು ಕೂತಳೆಂದು ನಾವೆಲ್ಲ ತಿಳಿದೆವು.

ಸಿದ್ದರಾಮಪ್ಪ ಎರಡು ತುಂಡು ಮುಗಿಸಿದ. ನಡುಕ ನಿಂತಿತು, ಮುಖಕ್ಕೆ ಕಳೆ ಬಂತು. ಅತಿಥಿಗಳಿಗೆ ನಮ್ಮ ಅಜ್ಜನ ಕಥೆ, ಹಗೇವಿನ ಕಥೆ ಶುರು ಮಾಡಿದ. ನಡುವೆ ಬೆರಳು ನೆಕ್ಕಿಕೊಂಡು, ಖಾಲಿ ತಾಟನ್ನು ಅಡುಗೆಮನೆಯ ಕಡೆಗೆ ಚಾಚಿ ಕೂಗಿದ.

"ಏ ಶಿವದೇವಿ, ಭಾಳ ಚಲೋ ಆಗೇತಿವಾ! ಇನ್ನೊಂದು ತುಂಡು ಹಾಕು. ಮುಂದಿನ ವರ್ಷನೂ ನೀನ ಬಂದು ಮಾಡಬೇಕು ನೋಡು."

ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ದನಿ ಏರಿಸಲಿಲ್ಲ. ಬಹಳ ಮರ್ಯಾದೆಯಿಂದ ಕೇಳಿದಳು.

"ಹಾಕ್ತೀನ್ರಿ ಮಾವಾರ. ಆದ್ರ ದೇವರು ಗಂಡ ಸತ್ತಾಕಿ ಕೈಯಾಗಿನದು ಉಂಡು ಸುಮ್ಮನ ಕುಂತಾವ, ನೀವೂ ಎರಡು ತುಂಡು ಉಂಡೀರಿ. ಜಳಕ ಮೊದಲ ಅವಕ್ಕ ಮಾಡಸೂಣೋ, ನಿಮಗ ಮಾಡಸೂಣೋ ಹೇಳ್ರಿ. ನೀರಂತೂ ಕಾಯಾಕ ಇಟ್ಟೀನಿ."