ಬೊಂತೆಯೊಳಗಿನ ಸೀರೆ

ಯುದ್ಧದ ಕಾಲ. ಬಟ್ಟೆಗೂ ರೇಷನ್ ಚೀಟಿ ಬಂದಿತ್ತು. ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆಂದು ಮಾಲೂರಿನಿಂದ ಯಲ್ದೂರಿನ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಹೊದಿಕೆಗೆ ನಮ್ಮ ಕಡೆ ಬೊಂತೆ ಎನ್ನುತ್ತಾರೆ. ಹುಟ್ಟುವ ಕೂಸಿಗೆ ಅದನ್ನು ಹೊಲಿಯಲು ಕೂತವಳು ಅಜ್ಜಿ, ನಮ್ಮ ಅಮ್ಮನ ತಾಯಿ. ಗಂಡುಮಕ್ಕಳಿಲ್ಲದ ಆಕೆ ನಮ್ಮ ಜೊತೆಯಲ್ಲೇ ಇದ್ದಳು.

ಕೂಸಿನ ಬೊಂತೆಗೆ ಯಾರ ಸೀರೆಯಾದರೂ ನಡೆಯುವುದಿಲ್ಲ. ಹತ್ತಾರು ಮಕ್ಕಳನ್ನು ಹೆತ್ತು ಸಾಕಿದವಳು ಉಟ್ಟು ಸವೆಸಿದ್ದೇ ಆಗಬೇಕು. ಅಜ್ಜಿ ಮನೆಮನೆ ತಿರುಗಿ ಎರಡು ತಂದಳು. ಚಿಂದಿ ಕೊಡಲೂ ಜನ ಹಿಂದೆಮುಂದೆ ನೋಡುತ್ತಿದ್ದರು. ನಡುವಿನ ಪದರಕ್ಕೆ ಬಟ್ಟೆ ಸಾಲದೆ ಮತ್ತೆ ಕೇಳಲು ಹೋದಳು.

ನನಗೆ ಹನ್ನೊಂದು ವರ್ಷ, ಕಾಯುವ ಜಾಯಮಾನವೇ ಅಲ್ಲ. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಹಸಿರು ಅಂಚಿನ ಕೆಂಪು ಸೀರೆ ಸಿಕ್ಕಿತು. ಅಜ್ಜಿ ಮುತ್ತೈದೆಯಾಗಿದ್ದಾಗ ಉಟ್ಟದ್ದು ಎಂದುಕೊಂಡೆ. ಪರ್ರನೆ ಹರಿದು ಹಾಸಿ, ಮೇಲೆ ಇನ್ನೊಂದು ಸೀರೆ ಮುಚ್ಚಿ, ಸುತ್ತಲೂ ದೊಡ್ಡ ದೊಡ್ಡ ಹೊಲಿಗೆ ಹಾಕಿಬಿಟ್ಟೆ. ಬರಿಗೈಲಿ ಬಂದ ಅಜ್ಜಿಗೆ, ಅಮ್ಮ ಕೊಟ್ಟ ಬಟ್ಟೆ ಎಂದು ಸುಳ್ಳು ಹೇಳಿದೆ. ಕಣ್ಣು ಮಂಜಾಗಿದ್ದ ಆಕೆ ತಡವಿ ತಡವಿಯೇ ಬೊಂತೆ ಮುಗಿಸಿದಳು.

ಗಂಡುಮಗು ಹುಟ್ಟಿತು. ಹದಿನೈದು ದಿನಕ್ಕೆ ಜ್ವರ ಹಿಡಿಯಿತು. ಬೊಂತೆ ಕೊಡವುತ್ತಿದ್ದ ಅಮ್ಮನಿಗೆ, ಹೊಲಿಗೆ ಬಿಟ್ಟ ಮೂಲೆಯಲ್ಲಿ ಹಸಿರು ಅಂಚು ಕಂಡಿತು. ಅದು ಅವಳ ತಂಗಿಯ ಸೀರೆ. ನಾನು ಹುಟ್ಟುವ ಮೊದಲೇ ಹೆರಿಗೆಯಲ್ಲಿ ತೀರಿಕೊಂಡ ಚಿಕ್ಕಮ್ಮನದು. ಹಾಗೆ ಸತ್ತವಳ ಬಟ್ಟೆ ಮನೆಯಲ್ಲಿ ಒಂದೂ ಉಳಿಯಬಾರದು, ಎಲ್ಲವನ್ನೂ ಅಗಸರಿಗೆ ಕೊಟ್ಟುಬಿಡಬೇಕು. ಅಜ್ಜಿ ಇದೊಂದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

"ಬಚ್ಚಿಟ್ಕೊಂಡಿದ್ದೂ ಅಲ್ದೆ ಮಗೂಗೆ ಹೊದಿಸಿದ್ದೀಯಲ್ಲಮ್ಮ!" ಅಮ್ಮ ಕಿರುಚಿದಳು. "ಹೋದೋಳೇ ನಿಂಗೆ ಮಗಳು. ನಾನು ಏನೂ ಅಲ್ವಾ?"

ಅಜ್ಜಿ ಅಂಚನ್ನು ಬೆರಳಲ್ಲಿ ಸವರಿದಳು. ಮುಖ ಬಿಳಿಚಿಕೊಂಡಿತು. ನನ್ನ ಕಡೆ ತಿರುಗಿದಳು. ನಾನು ಬಾಗಿಲ ಹಿಂದೆ ಸರಿದೆ. ಸಂಕಟವಾದರೆ ಅಜ್ಜಿಗೆ ತವರಿನ ತೆಲುಗೇ ಬಾಯಿಗೆ ಬರುವುದು.

"ನೇನೇ ಪೆಟ್ಟಿನಾನು," ಎಂದಳು. ನಾನೇ ಇಟ್ಟೆ ಎಂದು.

ಆಮೇಲೆ ಜಗಲಿಯ ಮೇಲೆ ಕೂತು, ತಾನು ಹಾಕಿದ ಹೊಲಿಗೆಯನ್ನೆಲ್ಲ ತಾನೇ ಬಿಚ್ಚಿದಳು. ಕೆಂಪು ತುಂಡುಗಳು ಅಗಸರ ಮನೆ ಸೇರಿದವು. ಎರಡು ದಿನಕ್ಕೆ ಮಗುವಿನ ಜ್ವರ ಇಳಿಯಿತು. ಸೀರೆ ಹೋದದ್ದಕ್ಕೇ ಜ್ವರ ಹೋಯಿತೆಂದು ಅಮ್ಮನಿಗೆ ಖಾತ್ರಿಯಾಯಿತು. ಅವತ್ತಿನಿಂದ ಮಗುವನ್ನು ಅಜ್ಜಿಯ ಕೈಗೆ ಕೊಡಲಿಲ್ಲ.

ಅಜ್ಜಿ ಬಾಣಂತಿ ಕೋಣೆಯ ಹೊಸ್ತಿಲಾಚೆ ಕೂತು ಮಗುವಿನ ಸದ್ದು ಕೇಳುತ್ತಿದ್ದಳು. ಅಮ್ಮ ಇಲ್ಲದಾಗ ಅಕ್ಕ ಒಮ್ಮೆ, "ಎತ್ಕೊ ಅಜ್ಜಿ," ಎಂದು ಮಗುವನ್ನು ಮುಂದೆ ಚಾಚಿದಳು. ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೇಡ ಕಣೇ. ನಿಮ್ಮಮ್ಮ ಹೆದರ್ಕೋತಾಳೆ."

ನಾನು ಅಲ್ಲೇ ಇದ್ದೆ. ಊರಿಗೆಲ್ಲ ಕೇಳುವಂತೆ ವಟಗುಟ್ಟುವವಳಿಗೆ, ಹರಿದವಳು ನಾನು ಎಂದು ಹೇಳಲು ಬಾಯಿ ಬರಲಿಲ್ಲ. ಅಮ್ಮನ ಏಟಿಗೆ ಹೆದರಿದೆ. ಐದು ತಿಂಗಳು ತುಂಬಿ ಅಕ್ಕ ಮಗುವಿನೊಂದಿಗೆ ಮಾಲೂರಿಗೆ ಹೋದಳು. ಮಗು ಮತ್ತೆ ನಮ್ಮ ಮನೆಗೆ ಬಂದದ್ದು ಅಜ್ಜಿಯ ತಿಥಿಗೆ.